ದಂಡೆಗೆ ಹೇರಿದ ಕಲ್ಲು

ಐರಣಿ, ಆಗಸ್ಟ್ ೧೯೯೧

ವೈನಿ, ನಮಸ್ಕಾರ. ಈ ಕಾರ್ಡನ್ನು ಅವ್ವನ ಮುಂದೆ ಓದಬೇಡಿರಿ. ನೌಕರಿ ಬಿಟ್ಟು ಹಾವೇರಿಗೆ ಬಾ ಅಂದಾಳು.

ಇಲ್ಲಿ ತುಂಗಭದ್ರೆ ಈ ಸಲ ಊರಿನ ರುದ್ರಭೂಮಿಗೇ ಬಾಯಿ ಹಾಕಿದ್ದಾಳೆ. ಇಲ್ಲಿಯ ಲಿಂಗಾಯತರು ನಮ್ಮಂತೆ ಸುಡುವುದಿಲ್ಲ, ಹೂಳುತ್ತಾರೆ, ಅದೂ ಹೆಣವನ್ನು ಕುಳ್ಳಿರಿಸಿ. ನೀರು ದಂಡೆಯ ಬುಡ ಕೊರೆದಂತೆಲ್ಲ ಮೇಲಿನ ಎರೆಮಣ್ಣು ಹೋಳು ಹೋಳಾಗಿ ಕಳಚಿ ಬೀಳುತ್ತದೆ. ನಾನು ಬಾಡಿಗೆಗಿರುವ ಮನೆಯ ಮುದುಕಿ ಬಸವಣ್ಣೆವ್ವ, ಹೋದ ವರ್ಷ ತೀರಿಕೊಂಡ ಗಂಡನನ್ನು ಹೂಳಿದ ಕುಣಿ ಅಂಚಿಗೆ ಬಂತೆಂದು ಹೆದರಿ, ಮಕ್ಕಳಿಂದ ಚಕ್ಕಡಿಗಟ್ಟಲೆ ಕಲ್ಲು ತರಿಸಿ ಅದರ ಮೇಲೆ ಒಟ್ಟಿಸಿದಳು. "ಭಾರ ಇದ್ರ ಹೊಳಿ ಒಯ್ಯೂದಿಲ್ಲರಿ ಮಾಸ್ತರ" ಅಂದಳು.

ನಿನ್ನೆ ಹೊಳೆ ಇಳಿಯಿತು. ಗಂಡಾಂತರ ಕಳೆಯಿತೆಂದು ಎಲ್ಲರೂ ಅಂದುಕೊಂಡರು. ಇಂದು ಮುಂಜಾನೆ ನಾವು ನೋಡುತ್ತಿದ್ದಂತೆ ಕಲ್ಲಿನ ರಾಶಿಯ ಹಿಂದೆ ನೆಲ ಬಿರಿಯಿತು; ಆ ಭಾರಕ್ಕೆ ದಂಡೆ ಕಲ್ಲು ಸಮೇತ ಕುಸಿಯಿತು. ಕೆಸರಿನಲ್ಲಿ ಒಂದು ಗಳಿಗೆ ಮುದುಕಿಯ ಗಂಡ ಕುಳಿತೇ ಇದ್ದ, ನೀರಿನ ಕಡೆ ಮುಖ ಮಾಡಿ. ಆಮೇಲೆ ಇರಲಿಲ್ಲ.

"ಹೊಳಿ ಒಯ್ಲಿಲ್ಲರಿ, ನಾನ ನೂಕಿದೆ" ಎಂದು ಮುದುಕಿ ಒಂದೇ ಸಮ ಅನ್ನುತ್ತಿದ್ದಾಳೆ.

ನನ್ನ ಜ್ವರ ಇಳಿದಿದೆ. ಹೊಳೆಯ ನೀರು ಬಿಟ್ಟು ಬೋರಿನ ನೀರನ್ನು ಕಾಸಿ ಕುಡಿಯುತ್ತಿದ್ದೇನೆ. ಟಪಾಲಿನವ ಸೈಕಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಾನೆ, ಮುಗಿಸುತ್ತೇನೆ.

ನಿಮ್ಮ ಮೈದುನ,
ಗಂಗಾಧರ

ಜಾಗವಿಲ್ಲದ್ದಕ್ಕೆ ಅಂಚಿನಲ್ಲಿ ಬರೆಯುತ್ತಿದ್ದೇನೆ: ಗಂಡನ ಮಗ್ಗುಲಿಗೆ ಆಕೆ ತನಗೆಂದು ಜಾಗ ಬಿಡಿಸಿಟ್ಟಿದ್ದಳು. ಅದರ ಮೇಲೆ ಯಾರೂ ಕಲ್ಲು ಹೇರಿರಲಿಲ್ಲ. ಅದು ಹಾಗೇ ಉಳಿದಿದೆ.