ಇನಾಮು ಬೇಡ, ಹೆಸರು ಕೊಡಿ

4-2-78, ಬೆಳಿಗ್ಗೆ

ಹಾರ್ಮೋನಿಯಂ ತಿದಿ ಮತ್ತೆ ಸೋರುತ್ತಿದೆ. ಅಂಟು ಹಚ್ಚಿ ಬಿಸಿಲಿಗಿಟ್ಟೆ. ಇವತ್ತು ಪಾಠವಿಲ್ಲ. ಹೊಳಲ್ಕೆರೆಗೆಲ್ಲ ಒಂದು ದಿನ ನೆಮ್ಮದಿ ಅಂದಳು ನನ್ನವಳು. ಇಪ್ಪತ್ತು ವರ್ಷದಿಂದ ಇದೇ ಮಾತು.

ಹತ್ತು ಗಂಟೆ ಬಸ್ಸಿಗೆ ಹೊಸದುರ್ಗದಿಂದ ದಿಲಾವರ್ ಬಂದ. ನಾಟಕದ ಪರದೆ ಬರೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಮ್ಮ ‘ಜೈಲೇ ಬೇಡ’ ಆಟಕ್ಕೆ ಜೈಲಿನ ಪರದೆ ಮುಗಿಸಿದ್ದಾನೆ. ಬಿಚ್ಚಿದ. ಕಂಬಿ, ಬೀಗ, ಮೇಲೆ ನೀಲಿ ಆಕಾಶ — ಮೂಲೆಯಲ್ಲಿ ಎರಡು ನವಿಲು! ಜೈಲಿಗೆ ನವಿಲು ಎಲ್ಲಿಂದ ಬಂತೋ ಎಂದೆ. ಜಾಗ ಖಾಲಿ ಇತ್ತು ಅಂದ. ಎಮರ್ಜೆನ್ಸಿಯಲ್ಲಿ ಒಂದು ಹಾಡಿನ ಸಲುವಾಗಿ ಏಳು ತಿಂಗಳು ಒಳಗಿದ್ದವನು ನಾನು. ಕಾಗೆ ಬಿಟ್ಟರೆ ಬೇರೆ ಹಕ್ಕಿ ಕಾಣಲಿಲ್ಲ. ಚೆನ್ನಾಗಿ ಬೈದೆ. ಊಟ ಮಾಡಿಕೊಂಡೇ ಹೋದ, ಕಳ್ಳ.

9-2-78

ರಾಮಗಿರಿ ಕಡೆಯಿಂದ ನಿಂಗಕ್ಕ ಬಂದಿದ್ದಳು. ಕುರಿ ಸಾಕುವವರು. ಗಂಡ ಮಾರಣ್ಣ ಸಬ್‌ಜೈಲಿನಲ್ಲಿ, ವರ್ಷದ ಮೇಲೆ ಒಂದು ತಿಂಗಳಾಯಿತು. ಕುರಿ ದೊಡ್ಡತಿಮ್ಮಪ್ಪನ ಅವರೆ ಹೊಲಕ್ಕೆ ನುಗ್ಗಿವೆ. ಮಾತಿಗೆ ಮಾತು. ಮಾರಣ್ಣ ದೊಣ್ಣೆ ಬೀಸಿದ, ದೊಡ್ಡತಿಮ್ಮಪ್ಪನ ಮಗ ಗೊಲ್ಲಪ್ಪನ ಕೈ ಮುರಿಯಿತು. ಅವತ್ತೇ ಪೊಲೀಸರು ಹಿಡಿದೊಯ್ದರು.

ಹೋದ ತಿಂಗಳು ಬೇಲ್ ಆಗಿದೆ. ಆದರೆ ಜಮೀನು ಇರುವವರೊಬ್ಬರು ಜಾಮೀನು ನಿಲ್ಲಬೇಕು. ಊರಲ್ಲಿ ಒಬ್ಬನೂ ಒಪ್ಪುತ್ತಿಲ್ಲ — ದೊಡ್ಡತಿಮ್ಮಪ್ಪನನ್ನು ಎದುರು ಹಾಕಿಕೊಳ್ಳುವವರು ಯಾರು?

“ಮೊದ್ಲು ನೋಡಾಕೆ ಹೋದ್ರೆ ಒಂದೊಂದು ಕುರೀನೂ ಕೇಳ್ತಿದ್ದ ಮೇಷ್ಟ್ರೇ. ಅದು ಈಯ್ತಾ, ಇದು ಕುಂಟೋದು ನಿಲ್ತಾ ಅಂತ. ಈಗ ಏನೂ ಕೇಳಲ್ಲ. ಸುಮ್ನೆ ಕುಂತಿರ್ತಾನೆ.”

ಅಳಲಿಲ್ಲ ಅವಳು. ಹಾಗೆ ಸುಮ್ಮನಾದವರನ್ನು ಒಳಗೆ ನೋಡಿದ್ದೇನೆ. ಆಮೇಲೆ ಬಾಗಿಲು ತೆಗೆದರೂ ಅವರು ಪೂರ್ತಿ ಹೊರಗೆ ಬರುವುದಿಲ್ಲ. ಈ ಆಟ ಮಾರಣ್ಣನಿಗಾಗಿಯೇ ಆಗಬೇಕು.

11-2-78

ಹಾಡು ಬರೆದೆ. ಸರಪಳಿ, ಕತ್ತಲೆ, ಕ್ರಾಂತಿ, ಉದಯಸೂರ್ಯ. ಎಲೆಕ್ಷನ್ ಭಾಷಣದ ಹಾಗಿದೆ ಅಂದಳು ನನ್ನವಳು. ಇಲ್ಲೇ ಉಳಿದುಕೊಂಡಿರುವ ನಿಂಗಕ್ಕ ಮರ್ಯಾದೆಗೆ “ಚೆನ್ನಾಗೈತೆ” ಅಂದಳು. ಆಮೇಲೆ ಅಡಿಗೆ ಮನೆಯಲ್ಲಿ ರಾಗಿ ಬೀಸುತ್ತ ತಾನೇ ಕಟ್ಟಿ ಹಾಡಿಕೊಂಡಳು —

ಹಟ್ಟಿಯ ನಾಯಿ ದಾರೀಲಿ ಮಲಗೈತೆ
ಹಾಲುಣ್ಣೋ ಮರಿಯು ಬಾಗ್ಲನ್ನೇ ನೋಡೈತೆ
ಹೊಣೆಯಾಗೋ ಅಣ್ಣ ಎಲ್ಲವ್ನೆ?

ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ? ನನ್ನ ಹಾಡು ಹರಿದು ಹಾಕಿದೆ. (ಒಂದು ಪ್ರತಿ ಪೆಟ್ಟಿಗೆಯಲ್ಲಿದೆ.)

19-2-78

ಹೊಸದುರ್ಗದ ಸಂತೆಯಲ್ಲಿ ಮೊದಲ ಆಟ. ಮೈಕೆಲ್ಲ ಎಲೆಕ್ಷನ್ನಿನವರ ಪಾಲು. ಕಿರುಚಿ ಕಿರುಚಿ ಗಂಟಲು ಹೋಯಿತು. ಜಾಮೀನು ಯಾರು ನಿಲ್ಲುತ್ತೀರಿ ಎಂದು ಕೇಳಿದರೆ ಜನ ಚಪ್ಪಾಳೆ ತಟ್ಟಿದರು. ತೆಂಗಿನಕಾಯಿ ವ್ಯಾಪಾರಿಯೊಬ್ಬ ಎದ್ದು ಬಂದು ನವಿಲಿಗೆ ಎರಡು ರೂಪಾಯಿ ಇನಾಮು ಕೊಟ್ಟ. ರೂಢಿಯಂತೆ ಅವನ ಹೆಸರು ಕೂಗಿದೆ. ಎದೆ ಸೆಟೆಸಿ ಕುಳಿತ. ದಿಲಾವರ್ ಮುಖ ನೋಡಬೇಕಿತ್ತು!

ಮನೆಗೆ ಬಂದು ಸಿಟ್ಟಿನಲ್ಲಿ ಉಣ್ಣಲಿಲ್ಲ. ನನ್ನವಳು ತಟ್ಟೆ ಮುಂದೆ ತಳ್ಳಿ ಹೇಳಿದ್ದು ಇಷ್ಟು: ಜನ ದುಡ್ಡು ಕೊಡುವುದೇ ಸಭೆಯಲ್ಲಿ ಹೆಸರು ಕೂಗಿಸಿಕೊಳ್ಳಲು. ಇನಾಮು ಬೇಡ, ಬರೀ ಹೆಸರು ಕೊಡಿ ಅನ್ನಿ. ಕೂಗಿದ ಮೇಲೆ ಯಾರೂ ಹಿಂದೆ ಸರಿಯುವುದಿಲ್ಲ.

ಇವಳು ನನ್ನನ್ನು ಕಟ್ಟಿಕೊಂಡು ಕೆಟ್ಟಳು. ತಿಂದೆ.

6-3-78, ಬೆಳಿಗ್ಗೆ ಆರು

ನಿನ್ನೆ ಭಾನುವಾರ, ಮಧ್ಯಾಹ್ನ ರಾಮಗಿರಿಯಲ್ಲಿ ಆಟ. ಎಲೆಕ್ಷನ್ ಮುಗಿದಿದೆ, ಮೈಕ್ ಸಿಕ್ಕಿತು. ಮುಂದಿನ ಸಾಲಿನಲ್ಲೇ ದೊಡ್ಡತಿಮ್ಮಪ್ಪ, ಪಕ್ಕದಲ್ಲಿ ಗೊಲ್ಲಪ್ಪ. ಅವರನ್ನೇ ನೋಡುತ್ತ ಎರಡು ಸ್ವರ ತಪ್ಪಿದೆ.

ನಿಂಗಕ್ಕ ಹಾಡಿದಳು. ಇವತ್ತು ಇನಾಮು ತಗೊಳ್ಳಲ್ಲ, ಮಾರಣ್ಣನಿಗೆ ಹೊಣೆಯಾಗುವವರ ಹೆಸರು ಮಾತ್ರ ಕೂಗುತ್ತೇನೆ ಎಂದೆ. ಯಾರೂ ಏಳಲಿಲ್ಲ. ಶ್ರುತಿ ಹಿಡಿದು ತಿದಿ ಒತ್ತುತ್ತಲೇ ಇದ್ದೆ… ಎಷ್ಟು ಹೊತ್ತೋ.

ದೊಡ್ಡತಿಮ್ಮಪ್ಪ ಎದ್ದ. ಪರದೆ ಹರಿಯಲು ಬಂದನೆಂದು ದಿಲಾವರ್ ಅಡ್ಡ ನಿಂತ. ಮುದುಕ ಮೈಕ್ ಹಿಡಿದ.

“ನನ್ನ ಮಗನ ಕೈ ಮುರಿದೋನು ಮಾರಣ್ಣ. ವರ್ಷದ ಮೇಲಾತು, ಒಳಗವ್ನೆ. ಮಗನ ಕೈ ನೆಟ್ಟಗಾಗ್ಲಿಲ್ಲ. ಹೊಲ್ದಾಗೆ ಕುರಿ ನಿಲ್ಸೋರಿಲ್ಲ, ಗೊಬ್ರ ಇಲ್ಲ. ಅವನ್ನ ಕೂಡಿಟ್ಟು ನಂಗೇನು ಸಿಕ್ತು? ಬರ್ಕಳ್ರಿ ನನ್ನ ಹೆಸ್ರು.”

ಗೊಲ್ಲಪ್ಪ ಟವೆಲ್ ಕೊಡವಿ ಎದ್ದು ಹೋದ. ನಾನು ಹೆಸರು ಕೂಗಿದೆ. ಮೂರು ಸಲ ಕೂಗಿದೆನಂತೆ. ನನಗೆ ನೆನಪಿಲ್ಲ.

14-3-78, ಸಂಜೆ

ಕಾಗದಕ್ಕೆ ಸಹಿ ಆಯಿತು. ಸಬ್‌ಜೈಲಿನ ಮುಂದೆ ನಾವೆಲ್ಲ. ಗೊಲ್ಲಪ್ಪನೂ ಬಂದಿದ್ದ, ದೂರದ ಬೇವಿನ ಮರದ ಕೆಳಗೆ. ಜಗಳ ತೆಗೆಯುತ್ತಾನೆಂದೇ ಎಲ್ಲರ ಭಯ.

ಮೂರು ಗಂಟೆಗೆ ಮಾರಣ್ಣ ಹೊರಗೆ ಬಂದ. ಅಂಗಿ ಜೋತಾಡುತ್ತಿತ್ತು. ನಿಂಗಕ್ಕ ಮಾತಾಡಿಸಿದಳು — ಇಲ್ಲ. ಕುರಿ ವಿಷಯ ಎತ್ತಿದಳು. ಅದಕ್ಕೂ ಇಲ್ಲ. ತಡವಾಯಿತು ಅಂದುಕೊಂಡೆ. ಎಲ್ಲ ಮುಗಿದ ಮೇಲೆ ಬಾಗಿಲು ತೆಗೆಸಿದೆವು.

ಅಷ್ಟರಲ್ಲಿ ಅವನ ಕಣ್ಣು ಗೊಲ್ಲಪ್ಪನ ಕೈ ಮೇಲೆ ಬಿತ್ತು. ನೆಟ್ಟಗೆ ಅಲ್ಲಿಗೇ ನಡೆದ. ಗೊಲ್ಲಪ್ಪ ಹಿಂದೆ ಸರಿದ. ಮಾರಣ್ಣ ಆ ಸೊಟ್ಟ ಕೈ ಹಿಡಿದು, ಮರಿಯ ಕಾಲು ನೋಡುವ ಹಾಗೆ, ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತ ಹೋದ.

“ಯಾರು ಕಟ್ಟಿದ್ದು ಇದನ್ನ?”

ಯಾರೋ ಒಬ್ಬರು, ಪೇಟೆಯಲ್ಲಿ, ಅಂದ ಗೊಲ್ಲಪ್ಪ.

“ಸೊಟ್ಟ ಕಟ್ಟವ್ರೆ. ವರ್ಷಕ್ಕೆ ಹತ್ತು ಕುರಿ ಕಾಲು ಕಟ್ಟೋನು ನಾನು. ಅವತ್ತು ನನ್ನ ಬಿಟ್ಟಿದ್ರೆ ಕಟ್ತಿದ್ದೆ ಕಣಪ್ಪ. ನೆಟ್ಟಗೆ ಕೂಡ್ಕಳ್ತಿತ್ತು.”

ದೊಡ್ಡತಿಮ್ಮಪ್ಪ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ. ಗೊಲ್ಲಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಏಳು ತಿಂಗಳು ಒಳಗಿದ್ದು, ಎರಡು ವರ್ಷ ಹಾಡು ಕಟ್ಟಿ, ನಾನು ಒಂದು ದಿನವೂ ಇದನ್ನು ಯೋಚಿಸಿರಲಿಲ್ಲ: ಮುರಿದವನೇ ಕಟ್ಟಲೂ ಬಲ್ಲ, ಅವನನ್ನು ಹೊರಗೆ ಬಿಟ್ಟರೆ.