ಹಾಸಿಗೆಗೆ ಚೆಲ್ಲಿದ ನೀರು

ಮಧುಗಿರಿ
೧೨ ಮಾರ್ಚ್ ೨೦೨೫

ಪ್ರೀತಿಯ ನಾಗಕ್ಕನಿಗೆ ನಿನ್ನ ತಮ್ಮನ ಶರಣು.

ಮಂಡಿನೋವು ಹೇಗಿದೆ? ನಿಡುಗಲ್ಲಿನ ಬಿಸಿಲಿಗೆ ಮಜ್ಜಿಗೆ ಕುಡಿ, ಉಪ್ಪು ಮಾತ್ರ ಕಡಿಮೆ ಇರಲಿ. ಇಲ್ಲಿ ಸೊಸೆ ಪ್ರಿಯಾಂಕ, ಎರಡು ತಿಂಗಳ ಕೂಸು ಇಬ್ಬರೂ ಕ್ಷೇಮ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯ. ನಾನು ಫೋನಿನಲ್ಲಿ ಮಾತಾಡಿದರೆ ಇಡೀ ಬೀದಿಗೆ ಕೇಳುತ್ತದಂತೆ.

ವಿಷಯ ಮೊಮ್ಮಗಳು ಲೋಹಿತಾಳದು. ಏಳು ವರ್ಷದವಳು, ತಮ್ಮ ಹುಟ್ಟಿದ ಮೇಲೆ ನನ್ನ ಪಕ್ಕ ಮಲಗುತ್ತಾಳೆ. ಹೋದ ತಿಂಗಳು ಒಂದು ಬೆಳಗ್ಗೆ ಒದ್ದೆ ಹಾಸಿಗೆಯ ಮೇಲೆ ಕೂತು ಬಿಕ್ಕುತ್ತಿದ್ದಳು. "ಅಮ್ಮಂಗೆ ಹೇಳ್ಬ್ಯಾಡ ತಾತ, ನಾನೀಗ ದೊಡ್ಡೋಳಂತೆ" ಅಂದಳು. ಅಷ್ಟರಲ್ಲಿ ಪ್ರಿಯಾಂಕ ಬರುವ ಸದ್ದಾಯಿತು. ಯೋಚಿಸಲಿಲ್ಲ ಅಕ್ಕ, ದಿಂಬಿನ ಬಳಿಯ ಚೊಂಬೆತ್ತಿ ಹಾಸಿಗೆಗೆಲ್ಲ ಸುರಿದೆ. "ನೀರು ಚೆಲ್ಬುಟ್ಟೆ ಕಣಮ್ಮ" ಅಂದೆ.

ಆ ಮಾತು ನಿನ್ನದು. ಅವ್ವ ತೀರಿಕೊಂಡ ವರ್ಷ ನಾನು ಹಾಸಿಗೆ ಒದ್ದೆ ಮಾಡಿದಾಗೆಲ್ಲ, ಅಪ್ಪ ಏಳುವ ಮೊದಲೇ ಚೊಂಬು ಉರುಳಿಸಿ ನೀನು ಹೀಗೆಯೇ ಹೇಳುತ್ತಿದ್ದೆ. "ಮದ್ವೆಗೆ ಬಂದವ್ಳೆ, ಒಂದ್ ಚೊಂಬು ನೆಟ್ಟಗೆ ಇಡಾಕ್ ಬರಲ್ಲ" ಎಂದು ಅಪ್ಪ ನಿನ್ನ ಬೆನ್ನಿಗೆ ಗುದ್ದುತ್ತಿದ್ದರು. ನಾನು ಕಂಬಳಿಯೊಳಗೆ ಕಳ್ಳನಿದ್ದೆ ಮಾಡುತ್ತಿದ್ದೆ. ಜಗಳವಾಡಿದಾಗಲೂ ನೀನು ಅದನ್ನು ಎತ್ತಿ ಆಡಲಿಲ್ಲ. ಅರವತ್ತು ವರ್ಷ ಬಾಯಿಬಿಟ್ಟು ಹೇಳಲಾಗಲಿಲ್ಲ, ಈಗ ಹೇಳುತ್ತೇನೆ: ನಾನು ತಲೆಯೆತ್ತಿ ಬೆಳೆದದ್ದು ನಿನ್ನಿಂದ. ಅಳುವ ಮಗುವಿನ ಮುಂದೆ ಏನು ಮಾಡಬೇಕೆಂದು ಈ ಮುದುಕನಿಗೆ ತೋಚಿದ್ದೂ ನಿನ್ನಿಂದಲೇ. ನಿನ್ನ ಋಣ ದೊಡ್ಡದಕ್ಕ.

ಅಂದಿನಿಂದ ಹಾಸಿಗೆ ಒದ್ದೆಯಾದಾಗೆಲ್ಲ ನಾನು ಚೊಂಬು ಸುರಿಯುತ್ತೇನೆ, ಪ್ರಿಯಾಂಕ ಒಂದು ದಿನವೂ ಗದರಿಲ್ಲ. ಬಾಣಂತನದ ಸುಸ್ತಿನಲ್ಲೂ ನಗುತ್ತಲೇ ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ. ಲೋಹಿತಾಳೂ ಚೇತರಿಸಿಕೊಳ್ಳುತ್ತಿದ್ದಾಳೆ, ಈ ವಾರ ಒದ್ದೆಯಾದದ್ದು ಎರಡೇ ಸಲ. ಆದರೆ ಐದನೆಯ ಚೊಂಬಿನ ದಿನ ಪ್ರಿಯಾಂಕ "ಮಾವ, ಕೈ ಇಂಗ್ ತೋರ್ಸಿ" ಎಂದು ನನ್ನ ಬೆರಳು ಹಿಡಿದು ಬಹಳ ಹೊತ್ತು ನೋಡಿದಳು.

ಭಾವನವರನ್ನು ಕೇಳಿದೆನೆಂದು ಹೇಳು. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ತಮ್ಮ
ಚನ್ನಮಲ್ಲಯ್ಯ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ನನಗೆ ಕೈನಡುಕದ ಕಾಯಿಲೆ ಎಂದುಕೊಂಡು ಪ್ರಿಯಾಂಕ ಮುಂದಿನ ಬುಧವಾರಕ್ಕೆ ತುಮಕೂರಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದಾಳೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಭಾನುವಾರ ನಿನಗೆ ಫೋನ್ ಮಾಡುತ್ತಾಳೆ. ಅಮ್ಮನಿಗೆ ಹೇಳುವುದಿಲ್ಲವೆಂದು ನಾನು ಲೋಹಿತಾಳಿಗೆ ಮಾತು ಕೊಟ್ಟಿದ್ದೇನೆ. "ನಮ್ಮ ಚನ್ನ ಚಿಕ್ಕೋನಿದ್ದಾಗಿಂದ್ಲೂ ಚೊಂಬು ಉರುಳಿಸ್ತಾನೆ ಕಣಮ್ಮ" ಎಂದುಬಿಡು. ನನಗಾಗಿ ಎಷ್ಟೋ ಸುಳ್ಳು ಹೇಳಿದ್ದೀಯ, ಈ ಮಗುವಿಗಾಗಿ ಒಂದು ಹೇಳು.