ಜೊತೆಗೇ ಓಡುತ್ತೇವೆಂದ ನಿಮ್ಮ ಮಗ

ಅತ್ತೆ,

ನಿಮ್ಮ ಮಗನ ಮೇಲೆ ದೂರು ಹೇಳಲೆಂದೇ ಈ ಕಾರ್ಡು ಕೊಂಡೆ. ಹಾಫ್ ಮ್ಯಾರಥಾನ್ ಇಬ್ಬರೂ ಜೊತೆಗೇ ಓಡುತ್ತೇವೆಂದು ನಿಮ್ಮೆದುರು ಮಾತು ಕೊಟ್ಟಿದ್ದರಲ್ಲ? ನಿನ್ನೆ ಸೇತುವೆಯ ಹತ್ತಿರ ಮೀನಖಂಡ ಸೆಟೆದುಕೊಂಡು ನಾನು ರಸ್ತೆಯಲ್ಲೇ ಕುಳಿತುಬಿಟ್ಟರೆ, "ನೀನು ನಿಧಾನಕ್ಕೆ ಬಾ" ಎಂದು ಓಡಿಯೇಬಿಟ್ಟರು. ತಿರುಗಿಯೂ ನೋಡಲಿಲ್ಲ. ಗುರುತು ಪರಿಚಯವಿಲ್ಲದ ಅಜ್ಜಿಯೊಬ್ಬರು, ನಾನು ಎದ್ದು ಓಡುವ ತನಕ ಬಾಲ್ಕನಿಯಲ್ಲಿ ನಿಂತು ಬಾಣಲೆ ಬಡಿದು ಹುರಿದುಂಬಿಸಿದರು. ಇವರು ಅಷ್ಟರಲ್ಲಿ ಪದಕ ಕಚ್ಚಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರಂತೆ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನಾನೂ ಓಡಿ ಮುಗಿಸಿದೆ. ನನ್ನ ಕಾಲು ಈಗ ಸರಿಯಾಗಿದೆ, ಚಿಂತೆ ಬೇಡ. ಇವರ ಮಂಡಿ ಮಾತ್ರ ಇವತ್ತು ಮಡಚುತ್ತಿಲ್ಲ, ಹೋಟೆಲಿನಲ್ಲಿ ಲಿಫ್ಟೂ ಇಲ್ಲ. "ಇಳಿಯೋಕಾಗ್ತಿಲ್ಲ ಕಣೇ, ಬಂದು ಕೈ ಹಿಡ್ಕೊ" ಎಂದು ಮೂರನೇ ಮಹಡಿಯಿಂದ ಕೂಗುತ್ತಿದ್ದಾರೆ.

"ನೀವು ನಿಧಾನಕ್ಕೆ ಬನ್ನಿ" ಎಂದು ಹೇಳಿ, ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಲು ಹೊರಟಿದ್ದೇನೆ.

ನಿಮ್ಮ ಸೊಸೆ